ಮರೆತವರು ಮತ್ತು ಮರೆಯದವರು

‘ಅರವತ್ತಕ್ಕೆ ಅರಳುಮರಳು’ ಎಂಬ ಮಾತನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಅಜ್ಜಿ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕಿದರೆ, ತಾತ ಮೊಮ್ಮಗನನ್ನು ಮಗನ ಹೆಸರಿನಿಂದ ಕೂಗಿದರೆ, ಈ ಮಾತನ್ನಾಡಿ ನಕ್ಕುಬಿಡುತ್ತೇವೆ. ಅವರೂ ನಮ್ಮೊಡನೆ ನಗುವಷ್ಟು ದಿನ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಕ್ಕು ಕಳೆಯಲಾಗದ ಮರೆವೊಂದಿದೆ. ಅದು ಮುಪ್ಪಿನ ಸಹಜ ಗುಣವಲ್ಲ, ಕಾಯಿಲೆ. ಅದು ಮನೆಯೊಳಕ್ಕೆ ಬಂದಾಗ ಮರೆತವರಿಗೆ ಒಂದು ಬಗೆಯ ಕಷ್ಟವಾದರೆ, ಮರೆಯದೆ ಉಳಿದವರಿಗೆ ಇನ್ನೊಂದು ಬಗೆಯದು. ಹೊತ್ತು ಹೊತ್ತಿಗೆ ಊಟ, ಔಷಧಿ, ಸ್ನಾನ ಇವೆಲ್ಲ ಮೈಗೆ ಸಂಬಂಧಿಸಿದ ಶ್ರಮ, ಹೇಗೋ ನಡೆದುಹೋಗುತ್ತದೆ. ಮನಸ್ಸಿಗೆ ಸಂಬಂಧಿಸಿದ್ದು ಅಷ್ಟು ಸುಲಭಕ್ಕೆ ಬಗೆಹರಿಯುವುದಿಲ್ಲ. ನಮ್ಮನ್ನು ನೋಯಿಸಿದವರು ನೋಯಿಸಿದ್ದನ್ನೇ ಮರೆತುಬಿಟ್ಟರೆ, ಅದನ್ನು ನೆನಪಿಟ್ಟುಕೊಂಡಿರುವ ನಾವು ಏನು ಮಾಡಬೇಕು? ಈ ಪ್ರಶ್ನೆ ಕೆಲವು ವರ್ಷಗಳಿಂದ ನನ್ನ ಜೊತೆಗಿದೆ. ನಿಮ್ಮಲ್ಲಿಯೂ ಕೆಲವರ ಜೊತೆಗಿರಬಹುದು.

ಮೊದಲು ಕಾಯಿಲೆಯ ವಿಚಾರ ತಿಳಿಯೋಣ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಅನುಮಾನಪಟ್ಟು ರುಚಿ ನೋಡುವುದು ಬರೀ ಮರೆವು, ನಮಗೆಲ್ಲ ಇರುವಂಥದ್ದು. ಐವತ್ತು ವರ್ಷ ಮಾಡಿದ ಅದೇ ಸಾರಿಗೆ ಬೇಳೆ ಮೊದಲೋ ಹುಳಿ ಮೊದಲೋ ತಿಳಿಯದೆ ಒಲೆಯ ಮುಂದೆ ನಿಂತುಬಿಡುವುದು ಹಾಗಲ್ಲ. ನೆನಪು, ವಿವೇಚನೆ, ಮಾತು, ದಾರಿಯ ಗುರುತು ಹೀಗೆ ಒಂದೊಂದೇ ಕುಂದುತ್ತ ಬಂದು ದಿನನಿತ್ಯದ ಬದುಕೇ ನಡೆಯದಂತಾಗುವುದನ್ನು ವೈದ್ಯರು ಡಿಮೆನ್ಷಿಯಾ ಎನ್ನುತ್ತಾರೆ. ಇದು ಒಂದೇ ಕಾಯಿಲೆಯ ಹೆಸರಲ್ಲ. ಜ್ವರವೆಂದರೆ ಮಲೇರಿಯಾ ಇರಬಹುದು, ಟೈಫಾಯ್ಡ್ ಇರಬಹುದು. ಹಾಗೆಯೇ ಇದರ ಹಿಂದೆಯೂ ಹಲವು ಕಾರಣಗಳಿವೆ.

ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಆಲ್ಜೈಮರ್ ಕಾಯಿಲೆ. ನೂರು ರೋಗಿಗಳಲ್ಲಿ ಅರವತ್ತರಿಂದ ಎಪ್ಪತ್ತು ಮಂದಿಗೆ ಇದೇ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನ ಮಾನಸಿಕ ಆಸ್ಪತ್ರೆಗೆ ಔಗುಸ್ಟೆ ಡೇಟರ್ ಎಂಬ ಗೃಹಿಣಿಯನ್ನು ಸೇರಿಸಿದರು. ಆಕೆಗೆ ಆಗ 51 ವರ್ಷ, ನನಗಿಂತ ಚಿಕ್ಕವಳು. ಗಂಡನ ಮೇಲೆ ಇಲ್ಲದ ಸಂಶಯ. ತನ್ನ ಹೆಸರು ಬರೆಯಲು ತೊಡಗಿ ಅರ್ಧಕ್ಕೇ ನಿಲ್ಲಿಸಿಬಿಡುವಳು. ಆಲೋಯಿಸ್ ಆಲ್ಜೈಮರ್ ಎಂಬ ವೈದ್ಯ ಎದುರಿಗೆ ಕುಳಿತು, ತಾನು ಕೇಳಿದ ಪ್ರಶ್ನೆಗಳನ್ನೂ ಆಕೆ ಕೊಟ್ಟ ಉತ್ತರಗಳನ್ನೂ ಬರೆದಿಟ್ಟುಕೊಂಡ. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಕೋಶಗಳ ಹೊರಗೆ ಕರೆಗಟ್ಟಿದಂಥ ಚುಕ್ಕೆಗಳೂ ಒಳಗೆ ಸಿಕ್ಕುಗಟ್ಟಿದ ಎಳೆಗಳೂ ಕಂಡವು. 1910ರಲ್ಲಿ ಕಾಯಿಲೆಗೆ ಆತನ ಹೆಸರೇ ಬಂತು. ಆ ಚುಕ್ಕೆ ಅಮಿಲಾಯ್ಡ್ ಎಂಬ ಪ್ರೋಟೀನಿನದು, ಆ ಸಿಕ್ಕು ಟೌ ಎಂಬ ಪ್ರೋಟೀನಿನದು ಎಂದು ಇಂದು ಗೊತ್ತಾಗಿದೆ. ಹೊಸ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಮಿದುಳಿನ ಭಾಗಕ್ಕೆ ಬೇಗನೆ ಏಟು ಬೀಳುವುದರಿಂದ ಬೆಳಗಿನ ತಿಂಡಿ ಮರೆತುಹೋಗುತ್ತದೆ, ಬಾಲ್ಯದ ಹಾಡು ಬಹಳ ಕಾಲ ಉಳಿಯುತ್ತದೆ.

ಎರಡನೆಯದು ರಕ್ತನಾಳಗಳಿಂದ ಬರುವುದು. ಬಿ.ಪಿ., ಸಕ್ಕರೆ ಕಾಯಿಲೆಯನ್ನು ವರ್ಷಗಟ್ಟಲೆ ಅಲಕ್ಷಿಸಿದರೆ ಮಿದುಳಿನ ಸಣ್ಣ ಸಣ್ಣ ನಾಳಗಳು ಕಟ್ಟಿಕೊಂಡು ಅಲ್ಲಲ್ಲಿ ರಕ್ತ ತಲುಪುವುದಿಲ್ಲ. ಇದು ಅನೇಕರಲ್ಲಿ ಮೆಟ್ಟಿಲು ಇಳಿದಂತೆ ಬರುತ್ತದೆ: ಇದ್ದಕ್ಕಿದ್ದಂತೆ ಒಂದಿಷ್ಟು ಕುಸಿತ, ಕೆಲವು ಕಾಲ ಹಾಗೆಯೇ, ಮತ್ತೊಂದು ಕುಸಿತ. ಮೂರನೆಯದು ಲೂಯಿ ಬಾಡಿ ಎನ್ನುವ ಬಗೆ. ಇಲ್ಲದ ಜನ, ಮಕ್ಕಳು ಕಣ್ಣಿಗೆ ಕಾಣಿಸುವುದು, ಕೈಕಾಲು ಬಿಗಿತ, ಒಂದು ದಿನ ಚೆನ್ನಾಗಿದ್ದು ಮರುದಿನ ಮಂಕಾಗುವುದು ಇದರ ಲಕ್ಷಣ. ಹೀಗಾದವರಿಗೆ ಗಾಳಿ ಸೋಕಿದೆ ಎಂದು ನಮ್ಮ ಹಳ್ಳಿಗಳಲ್ಲಿ ತಾಯಿತ ಕಟ್ಟಿಸುವುದುಂಟು. ನಾಲ್ಕನೆಯದು ಮಿದುಳಿನ ಮುಂಭಾಗದಲ್ಲಿ ಮತ್ತು ಪಕ್ಕದಲ್ಲಿ ಮೊದಲಾಗುವುದು. ಇಲ್ಲಿ ನೆನಪಿಗಿಂತ ಮುಂಚೆ ನಡತೆ ಅಥವಾ ಮಾತು ಕೆಡುತ್ತದೆ. ಸಂಕೋಚದ ಸ್ವಭಾವದವರು ನಾಲ್ಕು ಜನರೆದುರು ಆಡಬಾರದ್ದನ್ನು ಆಡಿಬಿಡುತ್ತಾರೆ. ಅರವತ್ತೈದಕ್ಕೆ ಮುಂಚೆಯೇ ಇದು ಬರುವುದು ಹೆಚ್ಚು. ಒಂದರ ಜೊತೆ ಇನ್ನೊಂದು ಕೂಡಿಕೊಂಡಿರುವುದೂ ಉಂಟು.

ಇವಿಷ್ಟೂ ವಾಸಿಯಾಗುವಂಥವಲ್ಲ. ಇರುವ ಮಾತ್ರೆಗಳು ಕೆಲವರಿಗೆ ಕೆಲವು ಕಾಲ ಒಂದಿಷ್ಟು ಸಹಾಯ ಮಾಡುತ್ತವೆ, ಅಷ್ಟೆ. ಆದರೆ ಇವುಗಳಂತೆಯೇ ಕಾಣಿಸಿ ಚಿಕಿತ್ಸೆಗೆ ಬಗ್ಗುವ ಮರೆವೂ ಇದೆ ಎಂಬುದನ್ನು ದಯವಿಟ್ಟು ನೆನಪಿಡಿ. ಥೈರಾಯ್ಡ್ ಕಡಿಮೆಯಾಗಿರಬಹುದು. ಬಿ12 ಜೀವಸತ್ವದ ಕೊರತೆಯಿರಬಹುದು. ಸಸ್ಯಾಹಾರಿಗಳ ಮನೆಗಳಲ್ಲಿ ಇದು ಸಾಮಾನ್ಯ. ಖಿನ್ನತೆಯಿರಬಹುದು. ಬಚ್ಚಲಲ್ಲಿ ಜಾರಿ ಬಿದ್ದು ತಲೆಯೊಳಗೆ ನಿಧಾನವಾಗಿ ರಕ್ತ ಕಟ್ಟಿಕೊಂಡಿರಬಹುದು. ನಿದ್ದೆಗೆಂದು ನುಂಗುವ ಮಾತ್ರೆಯೇ ಕಾರಣವಾಗಿರಬಹುದು. ಇನ್ನು, ನಿನ್ನೆಯವರೆಗೂ ಸರಿಯಾಗಿದ್ದವರು ಒಂದೆರಡು ದಿನದಲ್ಲೇ ದಿಕ್ಕುತಪ್ಪಿದವರಂತೆ ಮಾತನಾಡತೊಡಗಿದರೆ ಮೂತ್ರದ ಸೋಂಕೋ ಮೈಯಲ್ಲಿ ಸೋಡಿಯಂ ಇಳಿದದ್ದೋ ಇರಬಹುದು. ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದರಿಂದ ಇಂಥವರಿಗೆ ಗುಣವಾಗುವ ಅವಕಾಶವೇ ತಪ್ಪಿಹೋಗುತ್ತದೆ.

ಇದು ಪರದೇಶದ, ಪಟ್ಟಣದ ಕಾಯಿಲೆಯೆಂದು ತಿಳಿಯಬೇಡಿ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದ ನೂರು ಜನರಲ್ಲಿ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ ಸಾವಿರಾರು ಜನರನ್ನು ವರ್ಷ ವರ್ಷವೂ ಪರೀಕ್ಷಿಸುತ್ತ, ನಮ್ಮ ರೈತಾಪಿ ಜನರ ಮಿದುಳು ಹೇಗೆ ಮುಪ್ಪಾಗುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದಾರೆ. 2022ರಲ್ಲಿ ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಮಿದುಳಿನ ಆರೋಗ್ಯಕ್ಕೆಂದೇ ಒಂದು ಯೋಜನೆ ಆರಂಭಿಸಿತು.

ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯ ತಜ್ಞರು 2024ರಲ್ಲಿ ನಾವು ತಿದ್ದಿಕೊಳ್ಳಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದರು. ಅವೆಲ್ಲವನ್ನೂ ನಿವಾರಿಸಲಾದರೆ ನೂರಕ್ಕೆ ಸುಮಾರು 45 ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದಂತೆ. ಬಿ.ಪಿ., ಸಕ್ಕರೆ ಕಾಯಿಲೆ, ಕೊಬ್ಬು, ಬೊಜ್ಜು, ಬೀಡಿ-ಸಿಗರೇಟು, ಕುಡಿತ, ವ್ಯಾಯಾಮವಿಲ್ಲದಿರುವುದು, ತಲೆಗೆ ಪೆಟ್ಟು, ಕೆಟ್ಟ ಗಾಳಿ, ಖಿನ್ನತೆ, ಒಂಟಿತನ, ಕಿವಿ ಮಂದವಾಗುವುದು, ಕಣ್ಣು ಕಾಣದಿರುವುದು. ಹದಿನಾಲ್ಕನೆಯದು ಎಳವೆಯಲ್ಲಿ ವಿದ್ಯೆಯಿಲ್ಲದಿರುವುದು. ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದನ್ನು ಓದಿ ಮೈ ಜುಮ್ಮೆಂದಿತು. ಒಂದು ಹೆಣ್ಣುಮಗುವನ್ನು ಶಾಲೆ ಬಿಡಿಸಿ ದನ ಕಾಯಲು ಕಳಿಸಿದರೆ ಅದರ ಬೆಲೆಯನ್ನು ಆಕೆ ಎಪ್ಪತ್ತನೆಯ ವಯಸ್ಸಿನಲ್ಲಿಯೂ ತೆರಬೇಕಾಗಬಹುದು!

ನಮ್ಮ ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅವರ ತವರು ಕೃಷ್ಣರಾಜಪೇಟೆ ತಾಲ್ಲೂಕು ಅಕ್ಕಿಹೆಬ್ಬಾಳಿನ ಕಡೆಯ ಒಂದು ಹಳ್ಳಿ, ಹೇಮಾವತಿ ಹೊಳೆಯ ಸೀಮೆ. ಮದುವೆಯಾಗಿ ಮೇಲುಕೋಟೆಗೆ ಬಂದು ಗುಡಿಯ ಬೀದಿಯಲ್ಲಿ ನಲವತ್ತು ವರ್ಷ ಹೂವಿನ ವ್ಯಾಪಾರ ಮಾಡಿದರು. ಈಗ 83 ವರ್ಷ. ಬಿ.ಪಿ. ಇತ್ತು, ಮಾತ್ರೆ ನುಂಗುತ್ತಿರಲಿಲ್ಲ. ಕಿವಿ ಕೇಳುತ್ತಿರಲಿಲ್ಲ, ಯಂತ್ರ ಬೇಡವೆಂದರು. ಆರು ವರ್ಷಗಳ ಹಿಂದೆ ಚಿಲ್ಲರೆ ಎಣಿಸಲು ತಡವರಿಸತೊಡಗಿದರು. ಆಮೇಲೆ ಓಲೆ ಕಳವಾಯಿತೆಂದು ರಂಪ. ಓಲೆ ಅಕ್ಕಿ ಡಬ್ಬದಲ್ಲಿತ್ತು. ಒಂದು ದಿನ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು, ಮನೆ ಯಾವ ಕಡೆಯೆಂದು ಹೋಗಿಬರುವವರನ್ನು ಕೇಳುತ್ತಿದ್ದರು. ಮೈಸೂರಿನಲ್ಲಿ ರಕ್ತಪರೀಕ್ಷೆ, ಸ್ಕ್ಯಾನ್ ಎಲ್ಲ ಆಯಿತು. ಆಲ್ಜೈಮರ್ ಕಾಯಿಲೆಗೆ ರಕ್ತನಾಳದ ತೊಂದರೆಯೂ ಕೂಡಿದೆ ಎಂದರು.

ಈ ಅತ್ತೆಯೊಡನೆ ನನ್ನ ಬಾಳು ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಸೊಸೆ ಓದಿ ಯಾರನ್ನು ಉದ್ಧಾರ ಮಾಡಬೇಕು ಎಂದು ನನ್ನ ಬಿ.ಎಡ್.ಗೆ ಅಡ್ಡ ನಿಂತವರು ಅವರು. ನನ್ನ ಎರಡನೆಯ ಮಗುವೂ ಹೆಣ್ಣಾಯಿತೆಂದು ನಾಗಮಂಗಲದ ನನ್ನ ತವರಿಗೆ ಹನ್ನೊಂದು ದಿನ ನೋಡಲು ಬರಲಿಲ್ಲ. ಬಾಣಂತಿ ಬಾಗಿಲ ಕಡೆ ನೋಡುತ್ತ ಮಲಗಿದ ಆ ಹನ್ನೊಂದು ದಿನಗಳನ್ನು ಮರೆಯುವುದು ನನ್ನಿಂದಾಗಿಲ್ಲ. ಇಂದಲ್ಲ ನಾಳೆ, ಇಬ್ಬರಿಗೂ ವಯಸ್ಸಾದ ಮೇಲೆ, ಒಂದು ಮಧ್ಯಾಹ್ನ ಈ ಮಾತೆತ್ತಿ ಕೇಳಬೇಕೆಂದಿದ್ದೆ. ಅವರು ‘ಹೌದು ಕಣವ್ವ, ಆಗ ಹಂಗೆ ಮಾಡ್ಬುಟ್ಟೆ’ ಎಂದಿದ್ದರೆ ಸಾಕಾಗಿತ್ತು. ಈಗ ಅವರು ನನ್ನ ಮುಖ ನೋಡಿ, ‘ಯಾವೂರಾಯ್ತವ್ವ ನಿಂದು? ಉಂಡ್ಯಾ?’ ಎಂದು ಕೇಳುತ್ತಾರೆ. ಕೆಲವು ದಿನ ನನ್ನನ್ನೇ ತಮ್ಮ ತಾಯಿಯೆಂದು ತಿಳಿದು ಸೆರಗು ಹಿಡಿಯುತ್ತಾರೆ. ಯಾರನ್ನು ಕೇಳಲಿ?

ನೋಡಲು ಬರುವವರು ಎರಡು ಬಗೆಯ ಬುದ್ಧಿ ಹೇಳಿಹೋಗುತ್ತಾರೆ. ಒಂದು, ‘ಸೊಸೆಯನ್ನು ಗೋಳುಹೊಯ್ದುಕೊಂಡಳು, ಅನುಭವಿಸಲಿ’ ಎಂಬುದು. ಈ ಮಾತು ನನ್ನ ಪರವಾಗಿ ಆಡಿದ್ದಾದರೂ ನಾನು ಒಪ್ಪಲಾರೆ. ಯಾವ ತಪ್ಪಿಗೆ ಎಂದು ತಿಳಿಯದ ಮಗುವಿಗೆ ಕೊಟ್ಟ ಏಟು ಶಿಕ್ಷೆಯಲ್ಲ, ಬರೀ ಹಿಂಸೆ ಎಂಬುದು ತರಗತಿಯಲ್ಲಿ ನಿಂತ ಯಾವ ಮೇಷ್ಟ್ರಿಗೂ ಗೊತ್ತು. ಅಮಿಲಾಯ್ಡ್ ಯಾರ ಪಾಪಪುಣ್ಯವನ್ನೂ ಲೆಕ್ಕ ಹಾಕಿ ಬರುವುದಿಲ್ಲ. ದೇವತೆಯಂಥ ಅತ್ತೆಯಂದಿರಿಗೂ ಈ ಕಾಯಿಲೆ ಬಂದಿದೆ. ಇನ್ನೊಂದು ಬುದ್ಧಿವಾದ, ‘ಅವರೇ ಮರೆತರು, ನೀನೂ ಮರೆತುಬಿಡು’ ಎಂಬುದು. ಇದು ಹೇಳಲು ಹಿತ. ಆದರೆ ಮಿದುಳು ಸರಿಯಿರುವವಳು ಬೇಕೆಂದು ಮರೆಯುವುದಾದರೂ ಹೇಗೆ? ಆ ಹನ್ನೊಂದು ದಿನ ನಡೆಯಲೇ ಇಲ್ಲವೆಂದರೆ ಅದು ಸುಳ್ಳಾಗುತ್ತದೆ. ಹಾಗೆ ಮಗಳು ಹುಟ್ಟಿದ್ದಕ್ಕೆ ಮುಖ ತಿರುಗಿಸುವುದು ತಪ್ಪೇ ಅಲ್ಲವೆಂದೂ ಆಗುತ್ತದೆ.

ಇನ್ನೂ ಒಂದು ವಾದವಿದೆ. ಮನುಷ್ಯ ಎಂದರೆ ಅವನ ನೆನಪುಗಳ ಮೊತ್ತ. ನೆನಪು ಹೋದ ಮೇಲೆ ಈಕೆ ಆ ಅತ್ತೆಯೇ ಅಲ್ಲ, ಬೇರೆ ಯಾರೋ ಎಂದು ಓದಿದವರು ಹೇಳುತ್ತಾರೆ. ಇದನ್ನು ನಂಬಿದರೆ ಸಿಟ್ಟು ಮಾಡಿಕೊಳ್ಳಬೇಕಾದವಳು ಹೊರಟುಹೋದಳು, ಸಮಸ್ಯೆ ಮುಗಿಯಿತು. ಆದರೆ ನಾನು ನೋಡಿದ್ದು ಬೇರೆ. ಮಗನ ಹೆಸರು ಹೇಳಲಾಗದ ಈ ಅತ್ತೆಯ ಮುಂದೆ ಒಂದು ಮೊರ ಮಲ್ಲಿಗೆ ಮೊಗ್ಗು, ನೆನೆಸಿದ ಬಾಳೆನಾರು ಇಟ್ಟರೆ ಬೆರಳು ತಾನಾಗಿ ಕಟ್ಟುತ್ತ ಹೋಗುತ್ತದೆ. ಕೈಗೆ ಒಗ್ಗಿದ ಕೆಲಸದ ನೆನಪು ಮಿದುಳಿನ ಬೇರೆ ಭಾಗಗಳಲ್ಲಿರುವುದರಿಂದ ಅದು ಹೆಚ್ಚು ಕಾಲ ಉಳಿಯುತ್ತದೆಂದು ವೈದ್ಯರು ವಿವರಿಸಿದರು. ಮೊಗ್ಗು ಒತ್ತಾಗಿ ಕೂರದಿದ್ದರೆ ಈಗಲೂ ಬಿಚ್ಚಿ ಕಟ್ಟುತ್ತಾರೆ. ಆ ಹಟ ಅವರದೇ. ಬೀದಿಯಲ್ಲಿ ಮಗು ಎಡವಿದರೆ ಎದ್ದುಹೋಗಲು ನೋಡುವ ಆ ಜೀವವೂ ಅವರದೇ. ಅವರು ಬೇರೆ ಯಾರೋ ಆಗಿಲ್ಲ. ಆಗಿದ್ದರೆ, ಬಿ.ಎಡ್. ಬೇಡವೆಂದು ಜಗಳ ಕಾದು, ಕೊನೆಗೆ ನಾನು ಹೊರಟೇಬಿಟ್ಟಾಗ, ಮಂಡ್ಯದ ಬಸ್ಸಿಗೆ ಹೊತ್ತಾಗುತ್ತದೆಂದು ಮುಂಜಾನೆ ನಾಲ್ಕಕ್ಕೇ ಎದ್ದು ವರ್ಷವಿಡೀ ನೀರು ಕಾಯಿಸಿಟ್ಟ ಅತ್ತೆಯೂ ಇಲ್ಲವಾಗುತ್ತಾರಲ್ಲ? ಬೈದವರನ್ನು ಕಳಿಸಿ ನೀರು ಕಾಯಿಸಿದವರನ್ನು ಮಾತ್ರ ಉಳಿಸಿಕೊಳ್ಳಲು ಬರುವುದಿಲ್ಲ. ಇಬ್ಬರೂ ಒಬ್ಬರೇ.

ಸಂಜೆಯಾಗುತ್ತಲೇ ಅವರಿಗೆ ತವರಿನ ಹಂಬಲ. ‘ಹೊತ್ತು ಮುಳುಗ್ತದೆ, ನಮ್ಮಪ್ಪ ಕಾಯ್ತಾ ಇರ್ತಾನೆ, ಮನೆಗೆ ಹೋಗ್ಬೇಕು’ ಎಂದು ಚೀಲ ಹಿಡಿದು ಬಾಗಿಲಿಗೆ ಬರುತ್ತಾರೆ. ಅರವತ್ತೈದು ವರ್ಷ ಬಾಳಿದ ಗಂಡನ ಮನೆ ಅಳಿಸಿಹೋಗಿ ಹದಿನೆಂಟು ವರ್ಷ ಆಡಿ ಬೆಳೆದ ಮನೆ ಉಳಿದಿದೆ! ಹೆಣ್ಣಾದವರು ಇದನ್ನು ಕೇಳಿ ಒಂದು ಗಳಿಗೆ ಸುಮ್ಮನಾಗದೆ ಇರಲಾರರು. ಒಮ್ಮೆ ನೆಂಟರೊಬ್ಬರು, ‘ನಿಮ್ಮಪ್ಪ ಸತ್ತು ನಲವತ್ತು ವರ್ಷವಾಯಿತು’ ಎಂದುಬಿಟ್ಟರು. ಅತ್ತೆ ಅಂದೇ ಸುದ್ದಿ ಬಂದಂತೆ ಎದೆ ಬಡಿದುಕೊಂಡು ಅತ್ತರು. ಅರ್ಧ ಗಂಟೆಯಲ್ಲಿ ಸಾವು ಮರೆಯಿತು, ದುಃಖ ಮಾತ್ರ ರಾತ್ರಿಯವರೆಗೂ ಉಳಿಯಿತು. ಸತ್ಯ ಹೇಳಬೇಕು ಎಂದು ಮಕ್ಕಳಿಗೆ ಬೋಧಿಸುವವಳು ನಾನು. ಆದರೆ ಕೇಳಿದವರು ಹೊತ್ತುಕೊಳ್ಳಲಾಗದ, ನಾಳೆಗೆ ಇಟ್ಟುಕೊಳ್ಳಲಾಗದ ಸತ್ಯವನ್ನು ದಿನವೂ ಅವರ ಮೇಲೆ ಎಸೆಯುವುದು ಸತ್ಯನಿಷ್ಠೆಯೇ? ಹಾಗೆಂದು ನಿಮ್ಮಪ್ಪ ಬರುತ್ತಾರೆ ಎಂದು ಸುಳ್ಳು ಹೇಳಲೂ ಬಾಯಿ ಬರುವುದಿಲ್ಲ. ‘ನಿಮ್ಮೂರಿನ ಹೊಳೆ ದಂಡೇಲಿ ಏನೇನಿತ್ತು ಅತ್ತೆ?’ ಎಂದು ಕೇಳುತ್ತೇನೆ. ಹೊಂಗೆ ಮರ, ಆಲೆಮನೆ, ಅಪ್ಪ ತಂದುಕೊಟ್ಟ ಹಸಿರು ಬಳೆ ಎಂದು ಹೇಳುತ್ತ ಹೇಳುತ್ತ ಚೀಲ ಕೆಳಗಿಡುತ್ತಾರೆ.

ನಮ್ಮೂರಿನಂಥ ಕ್ಷೇತ್ರದಲ್ಲಿ ಇನ್ನೊಂದು ಚಿಂತೆಯೂ ಉಂಟು. ಕೊನೆಗಾಲದಲ್ಲಿ ತನ್ನನ್ನು ನೆನೆಯುತ್ತ ದೇಹ ಬಿಟ್ಟವರು ತನ್ನನ್ನು ಸೇರುತ್ತಾರೆ ಎಂದು ಗೀತೆಯಲ್ಲಿ ಕೃಷ್ಣ ಹೇಳಿದ್ದಾನೆ. ಚೆಲುವನಾರಾಯಣನಿಗೆ ನಲವತ್ತು ವರ್ಷ ಹೂ ಕಟ್ಟಿದಾಕೆ ಈಗ ಗೋಪುರ ನೋಡಿ ಇದೇನು ಎನ್ನುತ್ತಾಳಲ್ಲ, ಹೆಸರೇ ಮರೆತವಳ ಗತಿಯೇನು ಎಂದು ಕೇಳಿದವರಿದ್ದಾರೆ. ಇದಕ್ಕೆ ಉತ್ತರ ಹೇಳಿದವರು ಪಕ್ಕದ ಮನೆಯ ಮಾಮಿ. ಶ್ರೀವೈಷ್ಣವರಲ್ಲಿ ವರಾಹ ಚರಮ ಶ್ಲೋಕ ಎಂಬುದೊಂದಿದೆಯಂತೆ. ಭೂದೇವಿಗೆ ವರಾಹಸ್ವಾಮಿ ಕೊಟ್ಟ ಮಾತು ಅದು. ಮನಸ್ಸು, ಮೈ ನೆಟ್ಟಗಿರುವಾಗ ನನ್ನನ್ನು ನೆನೆದವನು, ಕೊನೆಗೆ ಕಟ್ಟಿಗೆಯಂತೆ ಕಲ್ಲಿನಂತೆ ಏನೂ ತಿಳಿಯದೆ ಬಿದ್ದಿರುವಾಗ ಅವನನ್ನು ನಾನು ನೆನೆಯುತ್ತೇನೆ, ಕೈಹಿಡಿದು ಕರೆದೊಯ್ಯುತ್ತೇನೆ ಎಂಬುದು ಅದರ ತಾತ್ಪರ್ಯ. ‘ನಿಮ್ಮತ್ತೆ ಮರೆತರೇನಮ್ಮ, ಅವನು ಮರೆಯೋದಿಲ್ಲ’ ಎಂದರು ಮಾಮಿ.

ನಂಬುವವರಿಗೆ ಅದು ನಂಬಿಕೆ. ನನಗೆ ಅದರಲ್ಲಿ ಮನುಷ್ಯರಾದ ನಮಗೂ ಒಂದು ಮಾತಿದೆ ಎನ್ನಿಸಿತು. ಇಬ್ಬರ ನಡುವೆ ಒಬ್ಬರ ನೆನಪು ಬಿದ್ದುಹೋದರೆ ನೆನೆಯುವ ಹೊಣೆ ಮನಸ್ಸು ನೆಟ್ಟಗಿರುವವರದು. ಈಗ ಅತ್ತೆಯ ಬಾಳಿನ ಕಥೆ ಅತ್ತೆಯಲ್ಲಿಲ್ಲ, ನನ್ನಲ್ಲಿದೆ. ನಾನು ಹೇಳಿದ್ದೇ ಕಥೆ, ಇಲ್ಲವೆನ್ನಲು ಅವರಿಗೆ ಬಾಯಿಲ್ಲ. ಎದುರುತ್ತರ ಕೊಡಲಾಗದವರ ವಿಚಾರ ಹೇಳುವಾಗ ನ್ಯಾಯ ಇನ್ನೂ ಬಿಗಿಯಾಗಿರಬೇಕಲ್ಲವೇ? ಬರೀ ಹನ್ನೊಂದು ದಿನವನ್ನು ನೆನೆದರೆ ಅನ್ಯಾಯ. ಬರೀ ಬಿಸಿನೀರನ್ನು ನೆನೆದರೂ ಅನ್ಯಾಯ. ಪೂರ್ತಿ ನೆನೆಯಬೇಕು. ಕ್ಷಮೆ ಎಂಬ ದೊಡ್ಡ ಮಾತನ್ನು ನಾನು ಬಳಸುವುದಿಲ್ಲ. ಅದನ್ನು ಕೇಳುವವರೊಬ್ಬರು, ಕೊಡುವವರೊಬ್ಬರು ಇರಬೇಕು. ಆದರೆ ಪೂರ್ತಿ ನೆನೆಯತೊಡಗಿದ ಮೇಲೆ ಅವರ ತಲೆ ಬಾಚುವಾಗ ನನ್ನ ಕೈ ಗಡುಸಾಗುವುದಿಲ್ಲ. ಅಷ್ಟು ಗೊತ್ತು.

ಇದನ್ನು ಓದಿ, ಎಲ್ಲವನ್ನೂ ಸಹಿಸುವುದೇ ಸೊಸೆಯ ಧರ್ಮವೆಂದು ಯಾರೂ ತೀರ್ಮಾನಿಸಬಾರದು. 2016ರಲ್ಲಿ ಬಂದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರವನ್ನು ನೀವು ನೋಡಿರಬಹುದು. ಆಲ್ಜೈಮರ್ ಆದ ತಂದೆಯಾಗಿ ಅನಂತನಾಗ್ ಅಭಿನಯಿಸಿದ್ದಾರೆ. ಕಳೆದುಹೋದ ತಂದೆಯನ್ನು ಹುಡುಕುತ್ತ ಮಗ ತಂದೆಯನ್ನು ಅರಿಯುತ್ತಾನೆ. ಅಲ್ಲಿ ಹುಡುಕುವವನು ಮಗ. ನಮ್ಮ ಮನೆಗಳಲ್ಲಿ ರಾತ್ರಿ ಎದ್ದು ಬಾಗಿಲ ಚಿಲಕ ನೋಡುವವರು ಯಾರು? ಹಿರಿಯ ನಾಗರಿಕರ ಪಾಲನೆಗೆಂದು 2007ರಲ್ಲಿ ಆದ ಕಾಯಿದೆಯಲ್ಲಿ ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು ಎಂದಿದೆ. ಸೊಸೆಯ ಹೆಸರು ಅದರಲ್ಲಿಲ್ಲ. ಕಾನೂನು ಹೊರಿಸದ ಹೊರೆಯನ್ನು ರೂಢಿ ಹೊರಿಸಿದೆ. ನಿದ್ದೆಗೆಟ್ಟು, ಒಂಟಿಯಾಗಿ, ಬಿಡುವಿಲ್ಲದೆ ದುಡಿಯುವವಳಿಗೆ ನ್ಯಾಯವಾಗಿ ನೆನೆಯುವಷ್ಟು ಮನಸ್ಸು ಎಲ್ಲಿಂದ ಬರಬೇಕು? ಅದಕ್ಕೇ ನಮ್ಮಲ್ಲಿ ಒಂದು ಏರ್ಪಾಡು ಮಾಡಿಕೊಂಡೆವು. ರಾತ್ರಿಯ ಪಾಳಿ ಯಜಮಾನರದು. ಸ್ನಾನ ಮಾಡಿಸುವುದನ್ನೂ ಅವರು ಕಲಿತಿದ್ದಾರೆ. ವರ್ಷಕ್ಕೆರಡು ತಿಂಗಳು ನಾದಿನಿ ಬಂದು ಇರುತ್ತಾರೆ. ನಾನು ಶಾಲೆಯಲ್ಲಿರುವಾಗ ಸಂಬಳಕ್ಕೆ ಒಬ್ಬಾಕೆ ನೋಡಿಕೊಳ್ಳುತ್ತಾಳೆ. ಕೇಳಿದ ಮೇಲೆ ಬಂದದ್ದು ಇದೆಲ್ಲ. ಕೇಳದೆ ಯಾವುದೂ ಬರಲಿಲ್ಲ. ನೀವೂ ಕೇಳಿ.

ಮೊನ್ನೆ ಚಿಕ್ಕ ಮಗಳು ಬೆಂಗಳೂರಿನಿಂದ ಫೋನು ಮಾಡಿದಾಗ, ‘ನಾನು ಹುಟ್ಟಿದಾಗ ಅಜ್ಜಿ ನೋಡೋಕೇ ಬರಲಿಲ್ಲವಂತೆ, ಹೌದೇನಮ್ಮ?’ ಎಂದು ಕೇಳಿದಳು. ಯಾರೋ ಹೇಳಿದ್ದಾರೆ. ‘ಹೌದು, ಹನ್ನೊಂದು ದಿನ ಬರಲಿಲ್ಲ, ನನಗೆ ಬಹಳ ನೋವಾಗಿತ್ತು’ ಎಂದೆ. ‘ನೀನು ಇಲ್ಲಿಗೆ ಬಂದ ಮೇಲೆ ದಿನಾ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ದವರೂ ಅವರೇ. ನಿನ್ನ ಎಡಗಿವಿ ಚುಚ್ಚಿಸುವಾಗ ನಿನಗಿಂತ ಜೋರಾಗಿ ಅತ್ತರು’ ಎಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಜ್ಜಿಯ ಕೈಗೆ ಫೋನು ಕ��ಡು ಎಂದಳು.